ಬಕೆಟ್‌ಗೆ ವಾರಸುದಾರರಿದ್ದಾರೆ, ಒಳಗಿನ ಬಣ್ಣಕ್ಕೆ?

2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿದ ಮೇಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಮುಂದಕ್ಕೆ ಹಾಕಿಕೊಂಡು ಬಂದಿದ್ದ ಎರಡು ಕೆಲಸಕ್ಕೆ ಕೈ ಹಾಕಿದರು. ಒಂದು ಸಾಲ ತೀರಿಸೋದು, ಇನ್ನೊಂದು ಮನೆಗೆ ಬಣ್ಣ ಹೊಡೆಸೋದು. ಸಾಲ ಪೂರ್ತಿ ತೀರಿತೋ ಇಲ್ಲವೋ, ಬಣ್ಣವಂತೂ ಪೂರ್ತಿ ಖರ್ಚಾಗಲಿಲ್ಲ. ಅಟ್ಟ ಹತ್ತಿ ನೋಡಿ. ಅರ್ಧ ಲೀಟರ್ ಎನಾಮಲ್, ಕಾಲು ಬಕೆಟ್ ಎಮಲ್ಷನ್, ತಳದಲ್ಲಿ ನಾಲ್ಕು ಬೆರಳು ಪ್ರೈಮರ್, ಪಕ್ಕದಲ್ಲಿ ಅರ್ಧ ಬಾಟಲಿ ಥಿನ್ನರ್. ಬೇಕಾಗುತ್ತೆ ಅಂತ ಎತ್ತಿಟ್ಟದ್ದು.

ಬೇರೆ ಸೀಮೆಯವರಿಗೆ ಅಟ್ಟ ಅಂದರೆ ಹಳೇ ಸಾಮಾನು ತುಂಬುವ ಜಾಗ. ನಮ್ಮಲ್ಲಿ ಹಾಗಲ್ಲ. ಉಂಡೆ ಕೊಬ್ಬರಿ ಆಗೋದೇ ಅಟ್ಟದ ಮೇಲೆ. ಕಾಯಿ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ತೀವಿ. ವರ್ಷದ ದುಡಿಮೆ ಒಣಗ್ತಾ ಇರೋ ಜಾಗದಲ್ಲೇ ಬೆಂಕಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳೋ ಥಿನ್ನರ್ ಡಬ್ಬ ಇಡ್ತೀವಿ. ಕೆಳಗೆ ಮಟ್ಟೆ ಒಲೆ. ಇದನ್ನ ರೈತರ ಅಜಾಗರೂಕತೆ ಅಂತ ಬರೆದು ಕೈ ತೊಳೆದುಕೊಳ್ಳೋದು ಸುಲಭ. ಆದರೆ ಅವರು ಎಲ್ಲಿಡಬೇಕಿತ್ತು? ಆ ಡಬ್ಬವನ್ನು ಯಾರಿಗೆ ಕೊಡಬೇಕಿತ್ತು?

ಗುಜರಿಯವರಿಗೆ ಕೊಡಬಹುದಲ್ಲ ಅಂತೀರಿ. ಗುಜರಿಯವರಿಗೆ ಬೇಕಾದ್ದು ಡಬ್ಬ, ಬಣ್ಣ ಅಲ್ಲ. ತಗಡಿಗೆ ಬೆಲೆ ಇದೆ, ಪ್ಲಾಸ್ಟಿಕ್ ಬಕೆಟ್‌ಗೆ ಇನ್ನೂ ಜಾಸ್ತಿ ಮರ್ಯಾದೆ ಇದೆ. ತೊಳೆದರೆ ಬಚ್ಚಲಿಗಾಯ್ತು, ಹಾಲು ಕರೆಯೋ ಹೊತ್ತಿಗೆ ನೀರು ತಗೊಂಡು ಹೋಗೋಕಾಯ್ತು. ಹಾಗಾಗಿ ಡಬ್ಬ ಖಾಲಿ ಮಾಡಬೇಕು. ಖಾಲಿ ಮಾಡೋದು ಎಲ್ಲಿಗೆ? ಪಟ್ಟಣದಲ್ಲಾದರೆ ಚರಂಡಿಗೆ, ಹಳ್ಳಿಯಲ್ಲಾದರೆ ತಿಪ್ಪೆಗೆ, ಬದುವಿಗೆ, ತೋಟದ ಬಸಿಗಾಲುವೆಗೆ. ಬೆಲೆ ಇರೋ ಡಬ್ಬ ಉಳಿಸಿಕೊಳ್ಳೋಕೆ ಬೆಲೆ ಇಲ್ಲದ ಬಣ್ಣ ಸುರಿಯಬೇಕು. ನಮ್ಮ ಊರುಗಳಲ್ಲಿ ಉಳಿದ ಬಣ್ಣದ ವಿಲೇವಾರಿ ಅಂದರೆ ಇಷ್ಟೇ.

ತೆಂಗಿನಲ್ಲಿ ಏನೂ ಬಿಸಾಡಲ್ಲ ಅಂತ ನಾವು ಹೆಮ್ಮೆಪಡ್ತೀವಿ. ನಿಜ. ಮಟ್ಟೆ ನಾರಿನ ಫ್ಯಾಕ್ಟರಿಗೆ, ಚಿಪ್ಪು ಇದ್ದಿಲಿಗೆ, ಗರಿ ಕಡ್ಡಿ ಪೊರಕೆಗೆ. ಆದರೆ ಇದು ನಮ್ಮ ಗುಣವಿಶೇಷ ಅಂದುಕೊಳ್ಳಬೇಡಿ. ಪ್ರತಿಯೊಂದಕ್ಕೂ ಕೊಳ್ಳೋನು ಒಬ್ಬ ಇದ್ದಾನೆ, ಅದಕ್ಕೇ ಬಿಸಾಡಲ್ಲ. ಉಳಿದ ಬಣ್ಣವನ್ನ ಕೈ ಚಾಚಿ ತಗೊಳ್ಳೋನು ಇಲ್ಲ.

ಈಗ ಕಾನೂನು ಏನು ಹೇಳುತ್ತೆ ನೋಡೋಣ. ಪೇಂಟ್ ಕಾರ್ಖಾನೆಯೊಳಗೆ ಉಳಿದ ಕೆಸರು, ತಳಕಸ ಎಲ್ಲ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲೇ ಇದೆ. ಅದಕ್ಕೆ ಲೆಕ್ಕ ಇಡಬೇಕು, ದಾಖಲೆ ಸಮೇತ ಪರವಾನಗಿ ಇರುವ ಜಾಗಕ್ಕೇ ಕಳಿಸಬೇಕು. ನಮ್ಮ ರಾಜ್ಯದಲ್ಲಿ ಅಂಥ ಜಾಗ ದಾಬಸ್‌ಪೇಟೆಯಲ್ಲಿದೆ. ತಿಪಟೂರಿನಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗುವಾಗ ದಾಟುವ ಊರು ಅದು. ಅದೇ ಬಣ್ಣ ಬಕೆಟ್ ಸೇರಿ, ಅಂಗಡಿಗೆ ಬಂದು, ನಿಮ್ಮ ಮನೆಯಲ್ಲಿ ಉಳಿದರೆ? ಆಗ ಅದರ ಹೆಸರೇ ಬೇರೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಗೃಹ ಅಪಾಯಕಾರಿ ತ್ಯಾಜ್ಯ ಅಂತ ಒಂದು ಪಟ್ಟಿ ಇತ್ತು. ಅದರಲ್ಲಿ ಮೊದಲ ಹೆಸರೇ ಬಿಸಾಡಿದ ಪೇಂಟ್ ಡ್ರಮ್. ಪಟ್ಟಣಗಳಲ್ಲಿ 20 ಚದರ ಕಿಲೋಮೀಟರಿಗೆ, ಅದಕ್ಕಿಂತ ಚಿಕ್ಕ ಊರಾದರೂ ಒಂದಾದರೂ, ಇಂಥವನ್ನ ತಂದು ಕೊಡೋ ಕೇಂದ್ರ ತೆರೆಯಬೇಕು, ಅದರ ಸಮಯ ಪ್ರಕಟಿಸಬೇಕು ಅಂತ ಬರೆದಿತ್ತು. ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ, ತುರುವೇಕೆರೆ ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿರೋ ಓದುಗರನ್ನೇ ಕೇಳ್ತೀನಿ. ಆ ಕೇಂದ್ರ ಎಲ್ಲಿದೆ? ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತೆ? ಹತ್ತು ವರ್ಷದಲ್ಲಿ ಯಾರಾದರೂ ನಿಮಗೆ ಹೇಳಿದ್ದಾರಾ?

2026ರ ಏಪ್ರಿಲ್ 1ರಿಂದ ಹೊಸ ನಿಯಮ. ಹಸಿ, ಒಣ, ಸ್ಯಾನಿಟರಿ ಅಲ್ಲದೆ ವಿಶೇಷ ಕಾಳಜಿಯ ತ್ಯಾಜ್ಯ ಅಂತ ನಾಲ್ಕನೇ ಗುಂಪು. ಪೇಂಟ್ ಡಬ್ಬ ಈಗ ಅದರಲ್ಲಿದೆ. ಹೆಸರು ಚೆನ್ನಾಗಿದೆ. ಕಾಳಜಿ ಯಾರದು? ಮತ್ತೆ ಸ್ಥಳೀಯ ಸಂಸ್ಥೆಯದೇ. ಸಂಬಳ ಸಕಾಲಕ್ಕೆ ಆಗದ ಪೌರಕಾರ್ಮಿಕರದೇ, ಹಳ್ಳಿಯಲ್ಲಿ ಸ್ವಚ್ಛ ವಾಹಿನಿ ಓಡಿಸೋ ಸಂಘದ ಹೆಣ್ಣುಮಕ್ಕಳದೇ. ಬಣ್ಣ ಮಾಡಿ, ಜಾಹೀರಾತು ಕೊಟ್ಟು, ಮಾರಿ ಲಾಭ ಎಣಿಸಿಕೊಂಡವರಿಗೆ ಇದರಲ್ಲಿ ಏನು ಪಾಲು?

ಪಾಲು ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ, ಟೈರು, ಇ-ತ್ಯಾಜ್ಯ, ಪ್ಲಾಸ್ಟಿಕ್ ಪ್ಯಾಕಿಂಗ್‌ಗೆ, 2023ರಲ್ಲಿ ಬಳಸಿದ ಆಯಿಲ್‌ಗೆ ತಯಾರಕರ ವಿಸ್ತರಿತ ಹೊಣೆಗಾರಿಕೆ ಅನ್ನೋದನ್ನ ಹೊರಿಸಿತು. ಕಡತದ ಭಾಷೆ ಬಿಟ್ಟು ಹೇಳಿದರೆ, ಮಾಡಿ ಮಾರಿದವರೇ ಕೊನೆಗೆ ಅದರ ಗತಿ ಕಾಣಿಸಬೇಕು. ಪೇಂಟ್ ಬಕೆಟ್ ಪ್ಲಾಸ್ಟಿಕ್ ಪ್ಯಾಕಿಂಗ್ ಆದ್ದರಿಂದ ಕಂಪನಿಗೆ ಅದರ ಹೊಣೆ ಬಂತು. ಒಳಗಿನ ಬಣ್ಣಕ್ಕೆ ಬರಲಿಲ್ಲ. ಗುಜರಿಯವನ ಲೆಕ್ಕವೂ ಕೇಂದ್ರ ಸರ್ಕಾರದ ಲೆಕ್ಕವೂ ಒಂದೇ ಆಗಿರೋದು ನೋಡಿ ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅನ್ನೋರಿಗೆ ಎರಡು ಮಾತು. ಒಂದು, ಸೀಸ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಡಬ್ಬಗಳಿಗೆ, ಅದರಲ್ಲೂ ಹಳದಿ, ಕೆಂಪು, ಹಸಿರು ಎನಾಮಲ್‌ಗಳಿಗೆ, ಆ ಖಾತ್ರಿ ಇಲ್ಲ. ಸೀಸದ ವಿಷದ ಬಗ್ಗೆ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಕೂಗಿ ಹೇಳಿದ್ದಾರೆ. ಮಕ್ಕಳ ಮೈಯಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತೆ. ನಮ್ಮ ಅಟ್ಟದಲ್ಲಿರೋ ಡಬ್ಬಗಳು ಎಷ್ಟು ಹಳೆಯವು ಅಂತ ನಮಗೇ ಮರೆತಿರುತ್ತೆ.

ಎರಡು, ದನ. ಪಶುವೈದ್ಯರನ್ನ ಕೇಳಿ ನೋಡಿ. ದನಗಳಿಗೆ ಸೀಸದ ವಿಷ ಏರೋದಕ್ಕೆ ಜಗತ್ತಿನಾದ್ಯಂತ ಗೊತ್ತಿರೋ ಮುಖ್ಯ ಕಾರಣಗಳಲ್ಲಿ ಬಿಸಾಡಿದ ಹಳೇ ಬ್ಯಾಟರಿಯೂ ಹಳೇ ಪೇಂಟ್ ಡಬ್ಬವೂ ಸೇರಿವೆ. ದನ ಕಂಡಿದ್ದನ್ನ ನೆಕ್ಕುತ್ತೆ, ಒಣಗಿದ ಬಣ್ಣದ ಚಕ್ಕೆ ಅಗಿಯುತ್ತೆ. ಕಣ್ಣು ಕಾಣದೆ ತಿರುಗುತ್ತೆ, ಗೋಡೆಗೆ ತಲೆ ಒತ್ತುತ್ತೆ, ಸಾಯುತ್ತೆ. ಕೊಬ್ಬರಿ ಬೆಲೆ ಬಿದ್ದ ವರ್ಷಗಳಲ್ಲಿ ಈ ಮೂರು ತಾಲ್ಲೂಕಿನ ಮನೆಗಳನ್ನ ನಡೆಸಿದ್ದು ಡೇರಿಯ ಹಾಲಿನ ದುಡ್ಡು ಅನ್ನೋದು ಮರೀಬೇಡಿ. ತಿಪ್ಪೆ ಮೇಲೆ ಡಬ್ಬ ಎಸೆದ ಮನೆಯವರದೇ ಹಸು ಆಗಿರಬೇಕು ಅಂತೇನಿಲ್ಲ.

ಭಾದ್ರಪದ ಬಂತೆಂದರೆ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಣೆ ಹೊರಡಿಸುತ್ತೆ. ರಾಸಾಯನಿಕ ಬಣ್ಣದ ಗಣಪತಿ ಕೆರೆಗೆ ಬಿಡಬೇಡಿ ಅಂತ. ಸರಿಯಾದ ಮಾತು, ನಾನೂ ಒಪ್ತೀನಿ. ಗಣಪತಿ ಮೈಮೇಲಿನ ನೂರು ಗ್ರಾಂ ಬಣ್ಣ ಕೆರೆ ಕೆಡಿಸುತ್ತೆ ಅನ್ನೋದಾದರೆ, ಅದೇ ಕೆರೆಗೆ ಬಂದು ಸೇರೋ ಚರಂಡಿಗೆ ವರ್ಷವಿಡೀ ಸುರಿಯೋ ಮನೆ ಬಣ್ಣ ಏನು ಪನ್ನೀರಾ? ಭಕ್ತರಿಗೆ ಬುದ್ಧಿ ಹೇಳೋಕೆ ಬಾಯಿ ಬರುತ್ತೆ, ಕಂಪನಿಗಳಿಗೆ ಹೇಳೋಕೆ ಬರಲ್ಲ.

ಇದಕ್ಕೆ ದಾರಿ ಹೊಸದಾಗಿ ಹುಡುಕಬೇಕಿಲ್ಲ. ಅಮೆರಿಕದ ಒರೆಗಾನ್ ರಾಜ್ಯ 2009ರಲ್ಲಿ ಕಾನೂನು ಮಾಡಿತು, 2010ರಲ್ಲಿ ಶುರುವಾಯಿತು. ಪ್ರತಿ ಡಬ್ಬದ ಮೇಲೆ ಸಣ್ಣದೊಂದು ಶುಲ್ಕ. ಆ ದುಡ್ಡಲ್ಲಿ ಬಣ್ಣ ತಯಾರಕರೇ ಕಟ್ಟಿದ ಲಾಭರಹಿತ ಸಂಸ್ಥೆಯೊಂದು ಉಳಿದದ್ದನ್ನ ವಾಪಸ್ ತಗೊಳ್ಳುತ್ತೆ. ಎಲ್ಲಿ ತಗೊಳ್ಳುತ್ತೆ ಅನ್ನೋದೇ ಮುಖ್ಯ. ಹೆಚ್ಚಾಗಿ ಬಣ್ಣ ಮಾರೋ ಅಂಗಡಿಗಳಲ್ಲೇ. ನೀರಿನ ಬಣ್ಣವನ್ನ ಸೋಸಿ, ಬೆರೆಸಿ ಮತ್ತೆ ಬಣ್ಣ ಮಾಡ್ತಾರೆ. ಎಣ್ಣೆ ಬಣ್ಣ ಹೆಚ್ಚಾಗಿ ಗೂಡುಗಳಿಗೆ ಉರುವಲಾಗಿ ಹೋಗುತ್ತೆ. ಆಮೇಲೆ ಕ್ಯಾಲಿಫೋರ್ನಿಯಾ ಸೇರಿ ಹತ್ತಕ್ಕಿಂತ ಹೆಚ್ಚು ರಾಜ್ಯಗಳು ಇದೇ ದಾರಿ ಹಿಡಿದವು.

ಅಮೆರಿಕದ ಕಥೆ ಇಲ್ಲಿ ಬೇಡ ಅನ್ನೋರಿಗೆ ಪಕ್ಕದ ನೀಲಗಿರಿ ಇದೆ. ಮದ್ರಾಸ್ ಹೈಕೋರ್ಟ್ ಒತ್ತಾಯದಿಂದ 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟಲಿ ತಂದವರಿಗೆ ಅದನ್ನ ವಾಪಸ್ ಕೊಡೋಕೆ ಶುರು ಮಾಡಿದವು. ಕುಡಿದ ಬಾಟಲಿ ಅಂಗಡಿಗೆ ವಾಪಸ್ ಬರಬಹುದಾದರೆ ಬಣ್ಣದ ಡಬ್ಬ ಬರಲ್ಲವಾ?

ಶುಲ್ಕ ಕೊನೆಗೆ ಗ್ರಾಹಕರ ತಲೆಗೇ ಬರುತ್ತೆ ಅನ್ನೋ ಆಕ್ಷೇಪ ಇದೆ. ಬರುತ್ತೆ. ಬಣ್ಣದ ಮೇಲೆ ಶೇಕಡಾ 18 ಜಿಎಸ್‌ಟಿ ಈಗಲೂ ನಮ್ಮ ತಲೆಗೇ ಬರ್ತಿದೆ. 2018ರ ಜುಲೈವರೆಗೆ ಶೇಕಡಾ 28 ಇತ್ತು. ಲೀಟರಿಗೆ ಒಂದೋ ಎರಡೋ ರೂಪಾಯಿಗೆ ಬಡವರು ಹಾಳಾಗ್ತಾರೆ ಅಂತ ಕಣ್ಣೀರು ಹಾಕೋರು ಆ ಶೇಕಡಾ 28ರ ಕಾಲದಲ್ಲಿ ಎಲ್ಲಿದ್ದರು?

ನಮ್ಮಲ್ಲಿ ಅಷ್ಟೆಲ್ಲ ಉಳಿಯೋದೇ ಇಲ್ಲ ಅನ್ನೋದು ಇನ್ನೊಂದು ಆಕ್ಷೇಪ. ಇದರಲ್ಲಿ ಸ್ವಲ್ಪ ಸತ್ಯ ಇದೆ. ಉಳಿದದ್ದು ಗೇಟಿಗೆ, ತುಳಸಿಕಟ್ಟೆಗೆ, ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಆಗುತ್ತೆ. ಪೇಂಟರ್‌ಗಳೂ ಒಯ್ಯುತ್ತಾರೆ. ಆದರೆ ಕಾಲ ಬದಲಾಗಿದೆ. ಸುಣ್ಣ ಹೊಡೆಯೋ ಕಾಲದಲ್ಲಿ ಉಳಿಯೋ ಪ್ರಶ್ನೆ ಇರಲಿಲ್ಲ, ಬೇಕಾದಷ್ಟೇ ಕಲಸ್ತಿದ್ದರು. ಈಗ ಶೇಡ್ ಕಾರ್ಡ್ ನೋಡಿ, ಅಂಗಡಿಯ ಮಷೀನಲ್ಲಿ ಕಲಸಿ ಕೊಡ್ತಾರೆ. ಒಮ್ಮೆ ಕಲಸಿದ ಮೇಲೆ ಸೀಲು ಒಡೆಯದಿದ್ದರೂ ಅಂಗಡಿಯವರು ವಾಪಸ್ ತಗೊಳ್ಳಲ್ಲ. ಕೋಣೆಗೊಂದು ಬಣ್ಣ, ಕೋಣೆಗೊಂದು ಉಳಿಕೆ.

ಹಳ್ಳಿಹಳ್ಳಿಯಿಂದ ಡಬ್ಬ ಸಂಗ್ರಹಿಸೋದು ಆಗದ ಮಾತು ಅಂತ ಕಂಪನಿಗಳು ಹೇಳಿದರೆ ದಯವಿಟ್ಟು ನಂಬಬೇಡಿ. ಬಕೆಟ್ಟಿನೊಳಗೆ ಟೋಕನ್ ಹಾಕಿ, ಈಗ ಕ್ಯೂಆರ್ ಕೋಡ್ ಅಂಟಿಸಿ, ಯಾವ ಊರಿನ ಯಾವ ಪೇಂಟರ್ ಯಾವ ಬಕೆಟ್ ಒಡೆದ ಅಂತ ತಿಳಿದು ಅವನ ಮೊಬೈಲಿಗೆ ಪಾಯಿಂಟ್ ಕಳಿಸೋರು ಇವರು. ಸರಕು ಇಳಿಸಿದ ವ್ಯಾನು ಖಾಲಿ ವಾಪಸ್ ಹೋಗುತ್ತೆ. ಅದರಲ್ಲಿ ಹತ್ತು ಡಬ್ಬಕ್ಕೆ ಜಾಗ ಇಲ್ಲವಾ? ಅದೇ ಪೇಂಟರ್‌ಗೆ ಉಳಿದ ಬಣ್ಣ ತಂದುಕೊಟ್ಟರೂ ಪಾಯಿಂಟ್ ಅಂತ ಮಾಡಿ, ಆರು ತಿಂಗಳಲ್ಲಿ ತಿಪಟೂರಿನ ಅಟ್ಟಗಳು ಖಾಲಿಯಾಗ್ತವೆ.

ಕಾರ್ಖಾನೆ ದೂರದಲ್ಲಿದೆ ಅನ್ನೋ ನೆಪವೂ ನಿಲ್ಲಲ್ಲ. 2018ರಿಂದ ಏಷ್ಯನ್ ಪೇಂಟ್ಸ್ ನಂಜನಗೂಡಿನ ಹತ್ತಿರ ಬಣ್ಣ ಮಾಡ್ತಿದೆ, ಬಿರ್ಲಾ ಓಪಸ್ ಚಾಮರಾಜನಗರದಲ್ಲಿದೆ. ಕಾರ್ಖಾನೆಗಳ ಪೇಂಟ್ ಕೆಸರು ಈಗಲೇ ಸಿಮೆಂಟ್ ಗೂಡುಗಳಲ್ಲಿ ಉರೀತಿದೆ. ಎಲ್ಲಕ್ಕಿಂತ ಮಿಗಿಲಾಗಿ ಕರ್ನಾಟಕ ಸರ್ಕಾರವೇ ಒಂದು ಬಣ್ಣದ ಕಂಪನಿಯ ಒಡೆಯ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರಿಂದ ಇಡೀ ದೇಶದ ಮತದಾರರ ಬೆರಳಿಗೆ ಶಾಯಿ ಕೊಡ್ತಿರೋದು ಅದೇ. ಮೊದಲು ತನ್ನ ಕಂಪನಿಯ ಡಬ್ಬವನ್ನ ತಾನು ವಾಪಸ್ ತಗೊಳ್ಳಲಿ, ವಾಪಸ್ ಬಂದದ್ದನ್ನ ಸೋಸಿ ಸರ್ಕಾರಿ ಶಾಲೆಗಳ ಕಾಂಪೌಂಡಿಗೆ ಬಳಿಯಲಿ. ಆಮೇಲೆ ರಾಜ್ಯದಲ್ಲಿ ಬಣ್ಣ ಮಾರೋ ಎಲ್ಲರಿಗೂ ಅದೇ ಷರತ್ತು ಹಾಕಲಿ. ಅಧಿವೇಶನದಲ್ಲಿ ಕೊಬ್ಬರಿಗೆ ಕೂಗಾಡೋ ನಮ್ಮ ಮೂರು ಶಾಸಕರು ಇದನ್ನೂ ಒಂದು ಪ್ರಶ್ನೆಯಾಗಿ ಕೇಳಬಹುದು. ಖರ್ಚಿಲ್ಲದ ಕೆಲಸ.

ಅಲ್ಲಿಯವರೆಗೆ ಮನೆಯಲ್ಲಿರೋದನ್ನ ಏನು ಮಾಡಬೇಕು ಅಂತ ಕೇಳ್ತೀರಿ. ನೀರಿನ ಬಣ್ಣವಾದರೆ ನಮ್ಮಲ್ಲಿ ರಾಶಿ ಬಿದ್ದಿರೋ ನಾರಿನ ಪುಡಿ ಕಲಸಿ, ದನ, ಮಕ್ಕಳು ಸುಳಿಯದ ಕಡೆ ಪೂರ್ತಿ ಒಣಗಿಸಿ, ಗಟ್ಟಿಯಾದ ಮೇಲೆ ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡಿ. ಎನಾಮಲ್, ಥಿನ್ನರ್ ಆದರೆ ಸುರೀಬೇಡಿ, ಸುಡಬೇಡಿ. ಮುಚ್ಚಳ ಬಿಗಿ ಮಾಡಿ ಕೊಬ್ಬರಿ ಅಟ್ಟದಿಂದ ಕೆಳಗಿಳಿಸಿ, ಒಲೆಯಿಂದ ದೂರ ಇಡಿ. ಅಂಗಡಿ ಬಿಲ್ಲನ್ನ ಡಬ್ಬಕ್ಕೆ ಸುತ್ತಿಡಿ. ವಾಪಸ್ ಕೊಡೋ ದಿನ ಬಂದಾಗ ಇದು ನಮ್ಮದಲ್ಲ ಅನ್ನೋಕೆ ಯಾವ ಕಂಪನಿಗೂ ಆಗಬಾರದು.