ಕಪಾಟು ಸೇರಿದ ಮರಗಳು

ಕಳೆದ ಬೇಸಗೆಯಲ್ಲಿ ನನ್ನ ಕೆಲವು ವಿದ್ಯಾರ್ಥಿಗಳು ಬೆಂಗಳೂರಿನ ಒಂದು ರಸ್ತೆಯ ಮಳೆಮರಗಳನ್ನು ಅಳೆದರು. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ, ಕೊಂಬೆಗಳ ಹರವು, ನೆರಳಿನ ತಾಪ, ಬಿಸಿಲಿನ ತಾಪ, ಎಲ್ಲವನ್ನೂ ಗುರುತುಹಾಕಿಕೊಂಡರು. ವರದಿ ಸಿದ್ಧವಾಯಿತು, ಅಂಕಗಳು ಬಂದವು, ವರದಿ ಕಪಾಟನ್ನು ಸೇರಿತು. ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಅಗಲವಾಯಿತು, ಮರಗಳು ಇಲ್ಲವಾದವು. ಅವುಗಳ ಅಳತೆಗೆ ಈಗ ಉಳಿದಿರುವ ಸಾಕ್ಷ್ಯ ನನಗೆ ತಿಳಿದಂತೆ ಆ ವರದಿಯೊಂದೇ. ಅದನ್ನು ಕಪಾಟಿಗೆ ಸೇರಿಸಿದವನು ನಾನೇ ಆದುದರಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಇಂಥ ಅಳತೆ ಹುಡುಗಾಟದ ಕೆಲಸವಲ್ಲ. ಇದೇ ನಗರದ ಬೀದಿಮರಗಳನ್ನು ಕುರಿತು ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಿಮೆಯಿದ್ದುದನ್ನು ಅವರು ಕಂಡರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕ್ರುಂಬಿಗಲ್ ಮಹಾಶಯರು ವರ್ಷದುದ್ದಕ್ಕೂ ಒಂದಲ್ಲ ಒಂದು ಬೀದಿಯಲ್ಲಿ ಹೂವರಳುವಂತೆ ಮರಗಳನ್ನು ಆರಿಸಿದರೆಂಬುದನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಹೂವಿನಷ್ಟೇ ನೆರಳೂ ಅವರ ಕಾಣಿಕೆಯೆಂಬುದನ್ನು ಈ ಅಂಕೆಗಳು ನೆನಪಿಸುತ್ತವೆ.

ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಟ್ಟರಾಯಿತಲ್ಲ ಎನ್ನುವವರುಂಟು. ಎಣಿಕೆಯಲ್ಲಿ ಅದು ಲಾಭವೇ ಸರಿ. ಆದರೆ ನೆರಳು ಬರುವುದು ಎಣಿಕೆಯಿಂದಲ್ಲ, ಹರವಿನಿಂದ. ಹಳೆಯ ಮಳೆಮರದ ಕೆಳಗೆ ಹೂ ಮಾರುವವಳೂ ಅವಳ ಗಿರಾಕಿಗಳೂ ನಿಲ್ಲಬಹುದಿತ್ತು. ಹತ್ತು ಸಸಿಗಳ ನೆರಳು ಇಂದು ಅವಳ ಬುಟ್ಟಿಯನ್ನೂ ಮರೆಮಾಡಲಾರದು. ಈ ವ್ಯತ್ಯಾಸವನ್ನು ಭಾವುಕತೆಯಿಂದಲ್ಲದೆ ಅಂಕೆಗಳಿಂದ ತೋರಿಸಬಲ್ಲವರು ನಮ್ಮ ವಿದ್ಯಾರ್ಥಿಗಳು.

ಹಾಗೆ ತೋರಿಸಬೇಕಾದರೆ ಒಂದು ವರ್ಷದ ಅಳತೆ ಸಾಲದು. ಪ್ರತಿಯೊಂದು ಕಾಲೇಜೂ ತನ್ನ ಸುತ್ತಲಿನ ಕೆಲವು ಬೀದಿಗಳನ್ನು ತನ್ನವೆಂದು ಭಾವಿಸಿ, ಅವೇ ಮರಗಳನ್ನು ವರ್ಷವರ್ಷವೂ ಅಳೆಯಬೇಕು. ಒಂದು ತಂಡ ಬಿಟ್ಟ ಪುಸ್ತಕವನ್ನು ಮುಂದಿನ ತಂಡ ಕೈಗೆತ್ತಿಕೊಳ್ಳಬೇಕು. ಅದರ ಪ್ರತಿಗಳು ಬಡಾವಣೆಯ ಗ್ರಂಥಾಲಯದಲ್ಲಿಯೂ ನಗರಾಡಳಿತದ ಕಚೇರಿಯಲ್ಲಿಯೂ ಇರಬೇಕು. 1976ರ ವೃಕ್ಷ ಸಂರಕ್ಷಣೆಯ ಕಾಯಿದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕಷ್ಟೆ? ಅನುಮತಿ ಕೊಡುವ ಮುನ್ನ, ಕಳೆದುಕೊಳ್ಳುವುದೆಷ್ಟೆಂಬುದು ಅವರ ಕಣ್ಣ ಮುಂದಿರಲಿ.

ಇಷ್ಟಾದರೂ ಮರ ಉರುಳಬಹುದು. ವರದಿಗೆ ಕೊಡಲಿಯನ್ನು ತಡೆಯುವ ಶಕ್ತಿಯಿದೆಯೆಂದು ನಾನು ಹೇಳಲಾರೆ. ಆದರೆ ತಿಳಿಯದೆ ಕಡಿದೆವೆಂದು ಯಾರೂ ಹೇಳದಂತಾದೀತು. ಬರುವ ಬೇಸಗೆಯಲ್ಲಿ ನಾವು ಇನ್ನೊಂದು ರಸ್ತೆಗೆ ಹೋಗಲಿದ್ದೇವೆ. ಈ ಸಲ ವರದಿಯ ಒಂದು ಪ್ರತಿ, ಅಂಕಗಳು ಬರುವ ಮೊದಲೇ, ವೃಕ್ಷಾಧಿಕಾರಿಯವರ ಮೇಜನ್ನು ಸೇರಲಿದೆ.