ಅಳುತ್ತ ಹೇಳಿದ್ದನ್ನು ತೀರ್ಪೆಂದು ಓದಬಾರದು

ನವೆಂಬರಿನ ಒಂದು ಭಾನುವಾರ ಪೂಜೆ ಮುಗಿಸಿ ತೊಕ್ಕೊಟ್ಟು ಫ್ಲೈಓವರ್ ಕಡೆಗೆ ನಡೆದು ಬರುತ್ತಿದ್ದೆವು. ಅಂದಿನ ಸುವಾರ್ತೆ ಲೂಕನ 21ನೇ ಅಧ್ಯಾಯದ್ದು. ಜೆರುಸಲೇಮಿನ ದೇವಾಲಯದ ಕಲ್ಲುಗಳೆಲ್ಲ ಉರುಳಿ ಬೀಳುವ ದಿನವನ್ನು ಯೇಸು ಮುಂದಾಗಿ ಹೇಳಿದ್ದು. ಜೊತೆಗಿದ್ದ ಹಿರಿಯರೊಬ್ಬರು, "ಯೇಸುವನ್ನು ಒಪ್ಪದ ಯೆಹೂದಿಗಳಿಗೆ ದೇವರು ಕೊಟ್ಟ ಶಿಕ್ಷೆ ಅದು" ಎಂದುಬಿಟ್ಟರು. ಆ ಮಾತು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ನಮ್ಮ ಕಥೆ ಏನು? 1784ರ ತಪಸ್ಸುಕಾಲದ ಹೊಸ್ತಿಲಲ್ಲಿ ಟಿಪ್ಪುವಿನ ಸೈನಿಕರು ನಮ್ಮ ಈ ಕರಾವಳಿಯ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. 1680ರಲ್ಲಿ ಕಟ್ಟಿದ ಮಿಲಾಗ್ರಿಸ್ ಇಗರ್ಜಿ ನೆಲಸಮವಾಯಿತು. ಬದುಕಿ ಉಳಿದವರು ಊರು ಕಂಡದ್ದು 1799ರ ನಂತರ. ನನ್ನ ಅಜ್ಜಿ ರಾತ್ರಿ ಜಪಮಾಲೆ ಮುಗಿದ ಮೇಲೆ ದಾರಿಯಲ್ಲೇ ಸತ್ತವರಿಗಾಗಿ ಇನ್ನೊಂದು ಪ್ರಾರ್ಥನೆ ಸೇರಿಸುತ್ತಿದ್ದಳು. ಆ ಸಾವು ಅವರ ಪಾಪದ ಫಲವೆಂದು ಅವಳ ಎದುರು ಯಾರಾದರೂ ಹೇಳಿದ್ದರೆ ಮನೆಯ ಮೆಟ್ಟಿಲು ಇಳಿಸುತ್ತಿದ್ದಳು.

ಅದೇ ಲೂಕನ 19ನೇ ಅಧ್ಯಾಯ ತೆರೆಯಿರಿ. ನಗರ ಕಣ್ಣಿಗೆ ಬಿದ್ದೊಡನೆ ಯೇಸು ಅತ್ತ. ಹಾಗೆ ಅತ್ತವನೂ ಯೆಹೂದಿಯೇ. ಹನ್ನೆರಡರ ಹುಡುಗನಾಗಿ ಪಾಸ್ಕ ಹಬ್ಬಕ್ಕೆ ಹೋಗಿ ಅದೇ ದೇವಾಲಯದಲ್ಲಿ ಗುರುಗಳ ನಡುವೆ ಕೂತಿದ್ದವನು. ಅವನಿಗಿಂತ ಆರು ಶತಮಾನ ಮೊದಲು ಪ್ರವಾದಿ ಯೆರೆಮೀಯ ದೇವಾಲಯ ಹಾಳಾದೀತೆಂದು ನುಡಿದು ಕೊಲೆಯ ಅಂಚಿಗೆ ಬಂದಿದ್ದ. ಆಗ ಹಿರಿಯರು ಎದ್ದು ನಿಂತು ಹಿಂದಿನ ಪ್ರವಾದಿ ಮೀಕನನ್ನು ನೆನಪಿಸಿದರು: ಅವನೂ ಜೆರುಸಲೇಮ್ ಹಾಳುದಿಬ್ಬವಾದೀತು ಎಂದಿದ್ದ, ಅರಸ ಹಿಜ್ಕೀಯ ದೇವರಿಗೆ ಅಂಜಿ ನಡೆದ, ಬರಬೇಕಿದ್ದ ಕೇಡು ಬರಲಿಲ್ಲ. ಪ್ರವಾದನೆ ಎಂದರೆ ಇದು, ಬಾಗಿಲು ಇನ್ನೂ ತೆರೆದಿರುವಾಗಲೇ ಕೂಗಿ ಎಚ್ಚರಿಸುವುದು.

ಕ್ರಿ.ಶ. 70ರಲ್ಲಿ ದೇವಾಲಯಕ್ಕೆ ಬೆಂಕಿ ಬಿದ್ದದ್ದು ಟೈಟಸನ ರೋಮನ್ ಸೈನಿಕರಿಂದ. ಮುತ್ತಿಗೆಯ ನಡುವೆ ನಗರದೊಳಗಿನ ಬಣಗಳು ಪರಸ್ಪರರ ಧಾನ್ಯದ ಕಣಜಗಳನ್ನೇ ಸುಟ್ಟುಕೊಂಡವೆಂದು ಆ ಕಾಲದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಯೆಹೂದಿಗಳ ಧರ್ಮಗ್ರಂಥ ತಾಲ್ಮುದಿನ ಗುರುಗಳೂ ಈ ಒಳಜಗಳವನ್ನು ಮುಚ್ಚಿಡಲಿಲ್ಲ. ಕಾರಣವಿಲ್ಲದ ದ್ವೇಷದಿಂದ ದೇವಾಲಯ ಬಿತ್ತು ಎಂದರು. ತಮ್ಮ ಬಗ್ಗೆ ಹಾಗೆ ಹೇಳಿಕೊಳ್ಳುವ ಹಕ್ಕು ಅವರದು, ನಮ್ಮದಲ್ಲ. ಆದರೆ ಆ ಮಾತನ್ನು ನಾವು ನಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ಒಂದು ಪುಕಾರು ಹಬ್ಬಿದರೆ ಸಂಜೆಯೊಳಗೆ ಅಂಗಡಿಗಳ ಶಟರ್ ಇಳಿಯುವುದನ್ನು ತೊಕ್ಕೊಟ್ಟಿನ ಜಂಕ್ಷನ್ನಿನಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ.

ಆ ಹಿರಿಯರೊಡನೆ ಜಗಳವಾಡಲಿಲ್ಲ. ಯೆರೆಮೀಯನ 26ನೇ ಅಧ್ಯಾಯಕ್ಕೆ ಗುರುತಿನ ಚೀಟಿ ಇಟ್ಟು ನನ್ನ ಬೈಬಲನ್ನೇ ಅವರ ಮನೆಗೆ ಕೊಟ್ಟು ಬಂದಿದ್ದೇನೆ.