ತಿದಿಯ ಎಣ್ಣೆ ಎಲ್ಲಿ ಹೋಯಿತು?

ಅಮೆರಿಕದಲ್ಲಿ ನೆಲಸಿರುವ ನಮ್ಮ ವಾಚಕ ಮಹಾಶಯರೊಬ್ಬರು ಕೆಲವು ತಿಂಗಳುಗಳ ಹಿಂದೆ ನಮಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದರು. ಅವರಲ್ಲಿ ೧೯೬೩ರ ಸ್ಟುಡಿಬೇಕರ್ ಅವಾಂಟಿ ಎಂಬ ಹಳೆಯ ಮೋಟಾರು ಕಾರೊಂದುಂಟು. ಹಲವು ವರ್ಷಗಳ ಉಳಿತಾಯದಿಂದ ಕೊಂಡದ್ದು. ಈಚೆಗೆ ಅದು ನೀಲಿಯ ಹೊಗೆಯನ್ನು ಬಿಡಲಾರಂಭಿಸಿತಂತೆ. ನೋಡಿದ ಮೆಕ್ಯಾನಿಕರು, ಎಂಜಿನು ಸವೆದಿದೆ, ಪೂರ್ತಿಯಾಗಿ ಬಿಚ್ಚಿ ಕಟ್ಟಬೇಕೆಂದು ಹೇಳಿ, ಎದೆ ನಡುಗಿಸುವಂಥ ವೆಚ್ಚದ ಪಟ್ಟಿಯನ್ನು ಕೈಗಿತ್ತರಂತೆ. "ಒಪ್ಪಿಗೆ ಕೊಡಲೇ, ಅಥವಾ ಬಂಡಿಯನ್ನೇ ಮಾರಿಬಿಡಲೇ?" ಎಂದು ಕೇಳಿದ್ದರು. ಆದರೆ ಪತ್ರದ ನಡುವೆ, ಬೇರೇನೋ ಮಾತಿನ ಜೊತೆಗೆ, ಸೂಪರ್‌ಚಾರ್ಜರಿಗೆ ಎರಡು ಸಲ ಎಣ್ಣೆ ಹಾಕಬೇಕಾಯಿತೆಂದೂ ಕೆಳಗೆ ನೆಲದ ಮೇಲೆ ಒಂದು ತೊಟ್ಟೂ ಕಾಣದೆಂದೂ ಬರೆದಿದ್ದರು. ನಮ್ಮ ಕಣ್ಣು ನಿಂತುದು ಆ ವಾಕ್ಯದ ಮೇಲೆ.

ಸೂಪರ್‌ಚಾರ್ಜರ್ ಎಂದರೇನೆಂದು ಇತರ ವಾಚಕರು ಕೇಳಬಹುದು. ಕಮ್ಮಾರನ ಕುಲುಮೆಗೆ ತಿದಿ ಹೇಗೋ ಎಂಜಿನಿಗೆ ಇದು ಹಾಗೆ. ಹೆಚ್ಚು ಗಾಳಿಯನ್ನು ಒತ್ತಿ ಊದಿದರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಇಂಡಿಯಾನ ಸಂಸ್ಥಾನದ ಸೌತ್ ಬೆಂಡ್ ಊರಿನಲ್ಲಿ ತಯಾರಾದ ಅವಾಂಟಿಗೆ ೨೮೯ ಘನ ಅಂಗುಲದ ಎಂಜಿನು. ತಿದಿಯಿಲ್ಲದ ಮಾದರಿಯ ಬಲ ೨೪೦ ಅಶ್ವಶಕ್ತಿ. ಪ್ಯಾಕ್ಸ್‌ಟನ್ ತಿದಿಯನ್ನು ಜೋಡಿಸಿದ ಆರ್-೨ ಎಂಬ ಮಾದರಿಯದು ೨೮೯. ಆ ಊರಿನ ಕಾರ್ಖಾನೆಯಲ್ಲಿ ಕಾರುಗಳ ತಯಾರಿಕೆ ೧೯೬೩ನೆಯ ಡಿಸೆಂಬರಿನಲ್ಲಿಯೇ ನಿಂತುಹೋಯಿತು. ಹೀಗಾಗಿ ಉಳಿದಿರುವ ಒಂದೊಂದು ಬಂಡಿಯನ್ನೂ ಅದರ ಒಡೆಯರು ಮನೆಯ ಮಗುವಿನಂತೆ ಸಾಕುವರು.

ಈ ತಿದಿ ಎಂಜಿನಿನ ಎಣ್ಣೆಯನ್ನು ಮುಟ್ಟದು. ತನ್ನದೇ ಆದ ಸ್ವಲ್ಪ ಎಣ್ಣೆಯನ್ನು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿರುವುದು. ಅದನ್ನಳೆಯಲು ಪ್ರತ್ಯೇಕವಾದ ಕಡ್ಡಿಯೂ ಉಂಟು. ಒಳಗೆ ಹಲ್ಲುಚಕ್ರಗಳಿಲ್ಲ. ಬಳೆಗಳ ನಡುವೆ ಬಿಗಿಯಾಗಿ ಸಿಕ್ಕಿರುವ ಉಕ್ಕಿನ ಗೋಲಿಗಳು ಉರುಳುತ್ತ, ರಾಟೆಯ ವೇಗವನ್ನು ೪ ಪಟ್ಟಿಗೂ ಮಿಗಿಲಾಗಿ ಹೆಚ್ಚಿಸಿ ಗಾಳಿಚಕ್ರಕ್ಕೆ ಕೊಡುವುವು. ಎಂಜಿನು ಭರದಿಂದ ಓಡುವಾಗ ಆ ಚಕ್ರವು ನಿಮಿಷಕ್ಕೆ ೨೦,೦೦೦ ಸುತ್ತುಗಳನ್ನೂ ಮೀರುವುದು. ಗೋಲಿಗೂ ಬಳೆಗೂ ನಡುವೆ ಇರುವುದು ಎಣ್ಣೆಯ ತೆಳುಪೊರೆ ಮಾತ್ರ. ಹಿಡಿತವೂ ಅದರಿಂದಲೇ, ರಕ್ಷಣೆಯೂ ಅದರಿಂದಲೇ. ಎಣ್ಣೆ ಬತ್ತಿದರೆ ಗೋಲಿ ಉರುಳದೆ ಜಾರುವುದು, ಕೆರೆಯುವುದು, ಸ್ವಲ್ಪ ಕಾಲದಲ್ಲಿಯೇ ಇಡೀ ತಿದಿ ಹಾಳಾಗುವುದು. ಇರುವುದೇ ಸ್ವಲ್ಪವಾದುದರಿಂದ ಸಣ್ಣ ಸೋರಿಕೆಯನ್ನೂ ಅಲಕ್ಷಿಸಲಾಗದು.

ಈಗ ಕಳ್ಳನನ್ನು ಹಿಡಿಯುವ ಬಗೆ. ಮೊದಲು ಹಳೆಯ ಎಣ್ಣೆಯನ್ನು ತೆಗೆದು ಹೊಸದನ್ನು ಹಾಕತಕ್ಕುದು. ಹೊಸ ಎಣ್ಣೆಯ ಬಣ್ಣ ಕೆಂಪು. ಎಂಜಿನಿನದು ಕಂದು ಅಥವಾ ಕಪ್ಪು. ಹಳತಾದ ಮೇಲೆ ಕೆಂಪೂ ಕಪ್ಪಾಗುವುದರಿಂದ ಹೊಸದಿಲ್ಲದೆ ಗುರುತು ಸಿಕ್ಕದು. ಕಡ್ಡಿಯ ಗುರುತನ್ನು ಮೀರಿ ಹಾಕಲೂ ಬಾರದು; ಹೆಚ್ಚಾದುದು ಒಳಗೆ ಕಡೆದು ನೊರೆಯಾಗಿ, ಕಾದು, ಸಿಕ್ಕಿದ ಸಂದಿನಿಂದ ಹೊರಬೀಳುವುದು. ಎಷ್ಟೋ ಕಡೆ ಸೋರಿಕೆಯ ಮೂಲ ರೋಗವಲ್ಲ, ಅತಿಯಾದ ಉಪಚಾರ!

ಬಳಿಕ ತಿದಿಯ ಹೊರಮೈಯನ್ನು ಚೆನ್ನಾಗಿ ತೊಳೆದು ಒರಸಿ, ಕೂಡುವ ಸಂದುಗಳ ಮೇಲೆಯೂ ಬೋಲ್ಟುಗಳ ಸುತ್ತಲೂ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಬೇಕು. (ಮನೆಯಾಕೆಯನ್ನು ಕೇಳಿ ತೆಗೆದುಕೊಳ್ಳುವುದು ಲೇಸು.) ಹತ್ತಾರು ಮೈಲಿ ಓಡಿಸಿ ನೋಡಿದರೆ ಎಣ್ಣೆ ಜಿನುಗುವ ಎಡೆಯಲ್ಲಿ ಬಿಳುಪು ಕೆಂಪಾಗಿರುವುದು. ರಾಟೆಯ ಹಿಂದಿನ ಸೀಲು ಸವೆದಿದ್ದರೆ ರಾಟೆಯು ಎಣ್ಣೆಯನ್ನು ಸುತ್ತಲೂ ಎರಚುವುದರಿಂದ ಬಾನೆಟ್ಟಿನ ಒಳಮೈಯಲ್ಲಿ ಕಲೆಗಳ ಗೆರೆ ಬಿದ್ದಿರುವುದು, ಬೆಲ್ಟೂ ಒದ್ದೆಯಾಗಿರಬಹುದು. ಕೆಂಪೆಣ್ಣೆ ಕಂಡೊಡನೆ ತಿದಿಯನ್ನು ದೂರಲೂ ಬಾರದು. ಪವರ್ ಸ್ಟಿಯರಿಂಗಿನ ಎಣ್ಣೆಯೂ ಕೆಂಪೇ. ಪೌಡರು ತೀರ್ಪು ಕೊಡಲಿ.

ಹೊರಗೆಲ್ಲ ಒಣಗಿದ್ದು ಕಡ್ಡಿಯಲ್ಲಿ ಮಾತ್ರ ಮಟ್ಟ ಇಳಿಯುತ್ತಿದ್ದರೆ ಉಳಿದ ದಾರಿ ಒಂದೇ: ಗಾಳಿಚಕ್ರದ ದಂಡದ ಸೀಲು. ಅದನ್ನು ದಾಟಿದ ಎಣ್ಣೆ ಗಾಳಿಯೊಡನೆ ಕೊಳವೆಗೆ, ಅಲ್ಲಿಂದ ಕಾರ್ಬ್ಯುರೇಟರಿಗೆ, ಅಲ್ಲಿಂದ ಎಂಜಿನಿಗೆ ಹೋಗಿ ಉರಿದು ನೀಲಿಯ ಹೊಗೆಯಾಗುವುದು. ಎಂಜಿನು ನಿರಪರಾಧಿ, ಹೊಗೆ ಮಾತ್ರ ಅದರ ಬಾಯಿಂದ. ಎಂಜಿನನ್ನು ನಿಲ್ಲಿಸಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು, ಆ ಕೊಳವೆಯನ್ನು ಕಳಚಿ, ಒಳಗೆ ಬಿಳಿಯ ಬಟ್ಟೆಯಿಂದ ಒರಸಿರಿ. ತೇವದ ಪಸೆಗೆ ಹೆದರಬೇಕಾಗಿಲ್ಲ. ಕೆಂಪೆಣ್ಣೆ ಮಡುಗಟ್ಟಿದ್ದರೆ ಸಂಶಯವೇ ಇಲ್ಲ. ಇದರೊಂದಿಗೆ ಎರಡು ಕಡ್ಡಿಗಳನ್ನೂ ಒಂದೇ ದಿನ ಅಳೆದು, ನೂರು ಮೈಲಿಗೊಮ್ಮೆ ಚೀಟಿಯಲ್ಲಿ ಬರೆದಿಡಬೇಕು. ಎಂಜಿನಿನ ಮಟ್ಟ ಇಳಿದು ತಿದಿಯದು ನಿಂತಿದ್ದರೆ ಮೆಕ್ಯಾನಿಕರ ಮಾತೇ ನಿಜವಿರಬಹುದು.

ಪ್ರತಿ ವಾರವೂ ಎಣ್ಣೆ ತುಂಬುತ್ತ ಕಾಲ ತಳ್ಳುವುದನ್ನು ನಾವು ಒಪ್ಪುವುದಿಲ್ಲ. ಕಡ್ಡಿಯಲ್ಲಿ ಲೋಹದ ಮಿನುಗು ಕಂಡರೆ, ಸುಟ್ಟ ವಾಸನೆ ಬಂದರೆ, ಕೀರುವ ಸದ್ದು ಕೇಳಿದರೆ ಆ ದಿನವೇ ಓಡಿಸುವುದನ್ನು ನಿಲ್ಲಿಸತಕ್ಕುದು. ಎಣ್ಣೆಯ ವಿಷಯದಲ್ಲಿಯೂ ಎಚ್ಚರ ಬೇಕು. ಟೈಪ್ ಎಫ್ ಎಂಬುದನ್ನು ಇದಕ್ಕೆ ಬಳಸುವ ವಾಡಿಕೆಯುಂಟು. ಜಾರಿಕೆಯ ಮದ್ದು ಬೆರಸಿದ ಈಚಿನ ಎಣ್ಣೆಗಳು ಗೋಲಿಗಳ ಹಿಡಿತಕ್ಕೆ ಒಗ್ಗವು. ತಿದಿಯನ್ನು ಬಿಚ್ಚುವ ಸಾಹಸವಂತೂ ಮನೆಯಲ್ಲಿ ಬೇಡ. ಗೋಲಿಗಳ ಮೇಲಿನ ಒತ್ತಡವನ್ನು ಅಳತೆಯಂತೆ ಕೂಡಿಸಬಲ್ಲವರು ಅದರಲ್ಲಿಯೇ ಪಳಗಿದವರು ಮಾತ್ರ.

ನಮ್ಮ ವಾಚಕ ಮಹಾಶಯರ ಎರಡನೆಯ ಪತ್ರ ಮೊನ್ನೆ ಬಂದಿತು. ೩೦೦ ಮೈಲಿಗಳಲ್ಲಿ ಎಂಜಿನಿನ ಮಟ್ಟ ಕದಲಲಿಲ್ಲವಂತೆ. ತಿದಿಯದು ಗುರುತಿನ ಕೆಳಗಿಳಿಯಿತಂತೆ. ಕೊಳವೆಯಲ್ಲಿ ಒರಸಿದ ಕರವಸ್ತ್ರ ಕುಂಕುಮದ ಬಣ್ಣಕ್ಕೆ ತಿರುಗಿತಂತೆ. ವೆಚ್ಚದ ಪಟ್ಟಿಯನ್ನು ಮೆಕ್ಯಾನಿಕರಿಗೆ ವಿನಯದಿಂದಲೇ ಹಿಂತಿರುಗಿಸಿ, ತಿದಿಯನ್ನು ಮಾತ್ರ ಕಳಚಿ ಬಲ್ಲವರಲ್ಲಿಗೆ ಕಳುಹಿಸಿರುವರು. ಅದು ಬರುವವರೆಗೆ ಕಾರ್ಬ್ಯುರೇಟರಿನ ಬಾಯಿಗೆ ಧೂಳು ಬೀಳದಂತೆ ಬಟ್ಟೆ ಕಟ್ಟಿ ಬಂಡಿಯನ್ನು ನಿಲ್ಲಿಸಿದ್ದಾರಂತೆ.